ಬಾತ್‌ರೂಮಿನಲ್ಲಿ ಬಿದ್ದದ್ದಲ್ಲ

ನನ್ನ ಕಾಲು ನೋಡಲು ಬಂದವರು ಯಾರೂ ಹಣ್ಣು ತರಲಿಲ್ಲ. ಬಂದವರೆಲ್ಲ ಬಾತ್‌ರೂಮಿಗೆ ಹಾಸುವ ರಬ್ಬರ್ ಮ್ಯಾಟ್ ತಂದರು. ಹಸಿರಿನದು, ನೀಲಿಯದು, ಮೀನಿನ ಚಿತ್ರ ಇರುವಂಥದ್ದು, ಪಾದಕ್ಕೆ ಮುಳ್ಳು ಮುಳ್ಳಾಗಿ ಚುಚ್ಚುವಂಥದ್ದು. ವಡಾಲದ ನಮ್ಮ ಮನೆಯಲ್ಲಿ ಇರುವುದು ಒಂದೇ ಒಂದು ಬಾತ್‌ರೂಮು. ಅದರಲ್ಲಿ ಇಷ್ಟೆಲ್ಲ ಮ್ಯಾಟು ಹಾಸಿದರೆ ನೀರು ಎಲ್ಲಿಂದ ಹೋಗಬೇಕು? ಹಾಗೆಂದು ಬಂದವರನ್ನು ಬಯ್ಯುವಂತಿರಲಿಲ್ಲ. ತಪ್ಪು ನನ್ನ ಗಂಡನದು. ರಾಜೀವಿ ಬಾತ್‌ರೂಮಿನಲ್ಲಿ ಜಾರಿ ಬಿದ್ದು ಮೊಣಕಾಲಿನ ಲಿಗಮೆಂಟ್ ಹರಿದುಕೊಂಡಳು ಎಂದು ಲೋಕಕ್ಕೆಲ್ಲ ಸಾರಿದವರು ಅವರು.

ಎಲ್ಲಿಯ ಬಾತ್‌ರೂಮು! ನಾನು ಹಗ್ಗ ಎಳೆದು ಕಾಲು ಹರಿದುಕೊಂಡವಳು.

ನಮ್ಮ ಬಳಗದ ಕ್ರೀಡಾಕೂಟ ಪ್ರತಿವರ್ಷ ಜನವರಿಯಲ್ಲಿ ನಡೆಯುತ್ತದೆ. ಮುಂಬಯಿಯ ಮೂಲೆ ಮೂಲೆಯಲ್ಲಿರುವ ಉಡುಪಿ, ಮಂಗಳೂರು ಕಡೆಯವರೆಲ್ಲ ಒಂದು ಭಾನುವಾರ ವಡಾಲದ ಶಾಲಾ ಮೈದಾನದಲ್ಲಿ ಸೇರಿ ಓಡುತ್ತಾರೆ, ಬೀಳುತ್ತಾರೆ, ಊಟ ಮಾಡಿ ಮನೆಗೆ ಹೋಗುತ್ತಾರೆ. ನನ್ನ ಗಂಡ ಸದಾನಂದ ಬಳಗದ ಕ್ರೀಡಾ ಕಾರ್ಯದರ್ಶಿ. ಅಂದರೆ ಅಂದು ಮೈಕು ಅವರ ಕೈಯಲ್ಲಿ. ಸ್ಟೇಷನ್ ಹತ್ತಿರ ನಮ್ಮದೊಂದು ಸಣ್ಣ ಹೋಟೆಲಿದೆ. ವರ್ಷವಿಡೀ ಅದರ ಕೌಂಟರಿನಲ್ಲಿ ಕುಳಿತು ಮೆಲುದನಿಯಲ್ಲಿ ಮಾತಾಡುವ ಮನುಷ್ಯ, ಆ ಒಂದು ದಿನ ಮೈಕು ಸಿಕ್ಕಿತೆಂದರೆ ಬಾಯಿ ಮುಚ್ಚುವುದಿಲ್ಲ.

ಕೂಟದ ಕೊನೆಯ ಸ್ಪರ್ಧೆ ಹೆಂಗಸರ ಹಗ್ಗಜಗ್ಗಾಟ. ವಡಾಲ ತಂಡದಲ್ಲಿ ಹಗ್ಗದ ಕೊನೆ ಹಿಡಿಯುವವಳು ನಾನು. ಹಗ್ಗವನ್ನು ಕಂಕುಳಡಿಯಿಂದ ತಂದು ಬೆನ್ನ ಮೇಲೆ ಹಾಯಿಸಿ, ಹಿಮ್ಮಡಿ ಊರಿ, ಹಿಂದಕ್ಕೆ ವಾಲಿ ನಿಲ್ಲಬೇಕು. ಮುಂದಿನವರು ಜಾರಿದರೆ ತಂಡ ತಡೆದುಕೊಳ್ಳಬಹುದು, ಕೊನೆಯವಳು ಜಾರಿದರೆ ಆಟ ಮುಗಿಯಿತು. ಹಾಗಾಗಿ ಆ ಜಾಗ ಸುಮ್ಮನೆ ಯಾರಿಗೂ ಕೊಡುವುದಿಲ್ಲ. ನಾನು ಮದುವೆಯಾಗಿ ಈ ಊರಿಗೆ ಬಂದ ವರ್ಷದಿಂದ ಅದು ನನ್ನದು. ಜಂಬ ಎಂದರೆ ಜಂಬವೇ. ಕೊಚ್ಚಿಕೊಳ್ಳಲು ಏನಾದರೂ ಇರುವವರು ಕೊಚ್ಚಿಕೊಳ್ಳಬೇಕು.

ಹೋದ ವರ್ಷ ಫೈನಲಿನಲ್ಲಿ ನಮಗೆ ಎದುರಾದದ್ದು ವಿಕ್ರೋಳಿಯವರು. ಅವರ ಕಡೆ ಕೊನೆಯಲ್ಲಿ ನಿಂತವಳು ಸೇವಂತಿ, ನನಗಿಂತ ಚಿಕ್ಕವಳು, ಗಟ್ಟಿಗಿತ್ತಿ. ಒಂದು ಎಳೆತ ಅವರಿಗೆ, ಒಂದು ನಮಗೆ. ಮೂರನೆಯದರಲ್ಲಿ ಹಗ್ಗದ ನಡುವಿನ ಕೆಂಪು ಬಟ್ಟೆ ಸುಣ್ಣದ ಗೆರೆಯ ಮೇಲೆ ಅತ್ತ ಇಲ್ಲ, ಇತ್ತ ಇಲ್ಲ ಎಂದು ನಡುಗುತ್ತಿತ್ತು. ನಾನು ಬಲಗಾಲು ಊರಿ ಸೊಂಟ ತಿರುಗಿಸಿದೆ. ಮೊಣಕಾಲಿನ ಒಳಗೆ ಟಪ್ ಎಂದಿತು, ಎಳೆಯ ಬೀನ್ಸ್ ಮುರಿದ ಹಾಗೆ. ಕಣ್ಣು ಕತ್ತಲೆ ಬಂತು. ಹಗ್ಗ ಬಿಡಲಿಲ್ಲ. ಸೀಟಿ ಊದುವ ತನಕ ಬಿಡಲಿಲ್ಲ. ಗೆದ್ದೆವು. ಹುಡುಗಿಯರ ಭುಜ ಹಿಡಿದು ನಿಂತು ಕಪ್ಪಿನೊಂದಿಗೆ ಫೋಟೋಕ್ಕೂ ನಕ್ಕೆ. ಹಾಗಾಗಿ ಯಾರಿಗೂ ಏನೂ ಗೊತ್ತಾಗಲಿಲ್ಲ. ಮನೆಗೆ ಬರುವಾಗ ಮೊಣಕಾಲು ಕುಂಬಳಕಾಯಿಯಷ್ಟು ಊದಿತ್ತು.

ಪರೇಲಿನ ಆಸ್ಪತ್ರೆಯಲ್ಲಿ ಎಂಆರ್‌ಐ ನೋಡಿದ ಡಾಕ್ಟರು ಲಿಗಮೆಂಟ್ ಪೂರ್ತಿ ಹರಿದಿದೆ, ಆಪರೇಷನ್ ಆಗಬೇಕು ಎಂದರು. ಹೊರಗೆ ಬಂದು ಬೆಂಚಿನ ಮೇಲೆ ಕುಳಿತದ್ದಷ್ಟೇ, ಉಡುಪಿಯಿಂದ ನನ್ನ ಅತ್ತಿಗೆಯ ಫೋನು ಬಂತು. ಗಂಡನ ಅಕ್ಕ. ಆಕೆಯ ಎದುರು ಇವರು ಈಗಲೂ ಮೂರನೇ ಕ್ಲಾಸಿನ ಹುಡುಗ.

"ಎಂತ ಆದದ್ದು ಕಾಲಿಗೆ?" ಎಂಬ ಪ್ರಶ್ನೆ ನನಗೂ ಕೇಳಿಸಿತು.

ಇವರು ನನ್ನ ಮುಖ ನೋಡಿದರು, ಗೋಡೆ ನೋಡಿದರು. "ಬಾತ್‌ರೂಮಿನಲ್ಲಿ ಜಾರಿದ್ದು ಅಕ್ಕ," ಎಂದುಬಿಟ್ಟರು.

ಫೋನು ಇಟ್ಟ ಮೇಲೆ ನಾನು ಬಿಡುತ್ತೇನೆಯೇ? "ಎಂತ ಸುಳ್ಳು ಅದು? ನಾನು ಎಲ್ಲಿ ಜಾರಿದ್ದು?"

"ಮತ್ತೆ ಎಂತ ಹೇಳ್ಬೇಕು ರಾಜೀವಿ? ಮದುವೆಗೆ ಬಂದ ಮಗಳಿರುವ ಹೆಂಗಸು ಹಗ್ಗ ಎಳೆದು ಕಾಲು ಮುರ್ಕೊಂಡಳು ಅಂತಲಾ? ಜನ ನಗುದಿಲ್ವಾ?"

"ನಗಲಿ. ಗೆದ್ದದ್ದು ಯಾರು?"

ಆಗ ಇವರು ಒಂದು ಮಾತು ಹೇಳಿದರು. "ನಿಜ ಹೇಳಿದರೆ ಕಮಿಟಿಯವರು ಮುಂದಿನ ವರ್ಷದಿಂದ ಹೆಂಗಸರ ಹಗ್ಗಜಗ್ಗಾಟವನ್ನೇ ತೆಗೀತಾರೆ. ಅವರು ನೆಪಕ್ಕೆ ಕಾಯ್ತಾ ಇದ್ದಾರೆ. ಅದರ ಬದಲಿಗೆ ನಿಂಬೆಹುಳಿ ಚಮಚ ಇಡ್ತಾರೆ. ಆಗ್ಬಹುದಾ ನಿಂಗೆ?"

ನಿಂಬೆಹುಳಿ ಚಮಚ! ಬಾಯಲ್ಲಿ ಕಚ್ಚಿದ ಚಮಚದ ಮೇಲೆ ನಿಂಬೆಹಣ್ಣು ಇಟ್ಟುಕೊಂಡು ಮೆಲ್ಲ ಮೆಲ್ಲ ನಡೆಯುವುದು! ನಾನು ಬಾಯಿ ಮುಚ್ಚಿದೆ. ಆದರೆ ಟ್ಯಾಕ್ಸಿಯಲ್ಲಿ ಕುಳಿತ ಮೇಲೆ ಇವರಿಂದ ಭಾಷೆ ತೆಗೆದುಕೊಂಡೆ. ಮುಂದಿನ ಕ್ರೀಡಾಕೂಟದಲ್ಲಿ ನಾನು ಪುನಃ ಹಗ್ಗದ ಕೊನೆಯಲ್ಲಿ ನಿಂತರೆ, ಇವರೇ ಮೈಕಿನಲ್ಲಿ ಎಲ್ಲರ ಎದುರು ನಿಜ ಹೇಳಬೇಕು. ಅಲ್ಲಿಯ ತನಕ ಬಳಗದವರ ಎದುರು ನಾನೂ ಬಾಯಿ ಬಿಡುವುದಿಲ್ಲ ಎಂದು ಮಾತು ಕೊಟ್ಟೆ. ಎಳೆದ ಮೇಲೂ ಕಾಲು ಗಟ್ಟಿಯಾಗಿದೆ ಎಂದು ಕಣ್ಣಾರೆ ಕಂಡ ಮೇಲೆ ಕಮಿಟಿಯವರು ಏನು ನೆಪ ಹುಡುಕುತ್ತಾರೆ? ಇವರು ಕೂಡಲೇ ಒಪ್ಪಿದರು. ಅಷ್ಟು ಬೇಗ ಒಪ್ಪಿದ್ದು ಯಾಕೆಂದು ನನಗೆ ಗೊತ್ತಿತ್ತು. ಈ ಹೆಂಗಸು ಇನ್ನು ಹಗ್ಗ ಮುಟ್ಟುವುದುಂಟೇ ಎಂದು ಅವರ ಲೆಕ್ಕ.

ಊತ ಇಳಿಸಿ ಕಾಲಿಗೆ ಸ್ವಲ್ಪ ಬಲ ಬಂದ ಮೇಲೆಯೇ ಆಪರೇಷನ್ ಎಂದು ಡಾಕ್ಟರು ಮೊದಲು ಫಿಸಿಯೋಥೆರಪಿಗೆ ಕಳುಹಿಸಿದರು. ಅಲ್ಲಿ ನನಗೆ ಸಿಕ್ಕಿದವಳು ಶಿವಕುಮಾರಿ. ಅಪ್ಪ ಅಮ್ಮ ಕಲಬುರಗಿ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದವರು, ಇವಳು ಇಲ್ಲೇ ಹುಟ್ಟಿ ಬೆಳೆದವಳು. ಅವಳ ಕನ್ನಡ ನನಗೆ ಅರ್ಧ ಅರ್ಥವಾಗುತ್ತಿತ್ತು, ನನ್ನದು ಅವಳಿಗೆ ಅರ್ಧ. ಉಳಿದದ್ದಕ್ಕೆ ಹಿಂದಿ ಇತ್ತು.

"ಹೆಂಗಾತ್ರಿ ಆಂಟಿ ಇದು?" ಎಂದು ಕೇಳಿದಳು.

"ಬಾತ್‌ರೂಮಿನಲ್ಲಿ ಜಾರಿದ್ದು," ಎಂದು ಇವರು ನನಗಿಂತ ಮುಂಚೆ ಹೇಳಿದರು.

ಶಿವಕುಮಾರಿ ನನ್ನ ಕೈ ಹಿಡಿದು ಮಂಚದ ಮೇಲೆ ಕೂರಿಸಿದಳು. ಹಿಡಿದ ಕೈಯನ್ನು ತಿರುಗಿಸಿ ನೋಡಿದಳು. ಹಗ್ಗ ಉಜ್ಜಿ ಕಿತ್ತು ಬಂದಿದ್ದ ಅಂಗೈ ಇನ್ನೂ ಒಣಗಿರಲಿಲ್ಲ. "ಬಾತ್ರೂಮಿನ್ಯಾಗ ಹಗ್ಗ ಇತ್ತೇನ್ರಿ ಆಂಟಿ?" ಎಂದಳು.

ಇವರು ನೀರು ಕುಡಿಯುವ ನೆಪ ಮಾಡಿ ಹೊರಗೆ ಹೋದರು. ನಾನು ಎಲ್ಲವನ್ನೂ ಹೇಳಿದೆ. ಅವಳು ನಕ್ಕಳು, ಆದರೆ ಜನ ನಗುತ್ತಾರೆ ಎಂದು ಇವರು ಹೆದರಿದ್ದ ನಗು ಅದಲ್ಲ. "ಹರದ್ ಮ್ಯಾಲೂ ಬಿಡ್ಲಿಲ್ಲಾ? ಅರೆ ವಾ!" ಎಂದು ನನ್ನ ಬೆನ್ನಿಗೆ ಒಂದು ಗುದ್ದು ಕೊಟ್ಟಳು. ಆ ಗುದ್ದಿನಿಂದ ನನಗೆ ಅರ್ಧ ಕಾಲು ವಾಪಸು ಬಂದ ಹಾಗಾಯಿತು.

ಫೆಬ್ರವರಿಯಲ್ಲಿ ಆಪರೇಷನ್ ಆಯಿತು. ನನ್ನದೇ ತೊಡೆಯ ಹಿಂದಿನಿಂದ ಎಳೆ ತೆಗೆದು, ಅದನ್ನು ಮಡಚಿ ದಪ್ಪ ಮಾಡಿ, ಹರಿದ ಜಾಗದಲ್ಲಿ ಹಗ್ಗ ಬಿಗಿದ ಹಾಗೆ ಬಿಗಿಯುತ್ತೇವೆ ಎಂದು ಡಾಕ್ಟರು ವಿವರಿಸಿದ್ದರು. ಅಂತೂ ನನ್ನ ಮೊಣಕಾಲಿನ ಒಳಗೂ ಒಂದು ಹಗ್ಗ.

ಮನೆಗೆ ಬಂದ ಮೇಲೆ ಮ್ಯಾಟುಗಳ ಮೆರವಣಿಗೆ ಶುರುವಾಯಿತು. ಬಂದವರಿಗೆ ಮೊದಲು ನನ್ನನ್ನು ನೋಡಬೇಕು, ಆಮೇಲೆ ಬಾತ್‌ರೂಮು ನೋಡಬೇಕು. "ಎಲ್ಲಿ ಬಿದ್ದದ್ದು?" ಎಂದು ಕೇಳಿದರೆ ಇವರು ಕರೆದುಕೊಂಡು ಹೋಗಿ ತೋರಿಸುತ್ತಿದ್ದರು. ಒಬ್ಬರಿಗೆ ಬಕೆಟಿನ ಪಕ್ಕ, ಇನ್ನೊಬ್ಬರಿಗೆ ಬಾಗಿಲ ಬಳಿ. ನಮ್ಮ ಬಾತ್‌ರೂಮಿನಲ್ಲಿ ನಾನು ಬೀಳದ ಜಾಗವೇ ಉಳಿಯಲಿಲ್ಲ. ಮಗಳು ಶ್ರಾವ್ಯಾ ಅಡುಗೆಮನೆಯಲ್ಲಿ ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿದ್ದಳು. "ಮಮ್ಮಿ, ಪಪ್ಪಾ ಕಾ ಸ್ಟೋರಿ ರೋಜ್ ಚೇಂಜ್ ಆಗ್ತದೆ!"

ವಿಕ್ರೋಳಿಯ ಸೇವಂತಿಯೂ ಬಂದಳು. ಅವಳು ತಂದ ಮ್ಯಾಟು ಎಲ್ಲಕ್ಕಿಂತ ದೊಡ್ಡದು, ದುಬಾರಿಯದು, ಕಡುನೀಲಿ. "ರಾಜೀವಕ್ಕ, ಹೀಗೆ ಆಗ್ಬಾರದಿತ್ತು. ಹಗ್ಗ ಎಳೆಯುವಾಗ ಅಷ್ಟು ಗಟ್ಟಿ ನಿಲ್ಲುವ ನೀವು ಬಾತ್‌ರೂಮಿನಲ್ಲಿ ಜಾರುದು ಅಂದ್ರೆ..." ಎಂದು ಕಣ್ಣಲ್ಲಿ ನೀರು ತಂದುಕೊಂಡಳು. ನನಗೂ ಕಣ್ಣಲ್ಲಿ ನೀರು ಬಂತು, ಸಿಟ್ಟಿನಿಂದ. ನಿನ್ನ ಕೈಯಿಂದ ಕಪ್ಪು ಕಿತ್ತುಕೊಂಡ ಗಳಿಗೆಯಲ್ಲೇ ಇದು ಹರಿದದ್ದು ಮಾರಾಯ್ತಿ ಎಂದು ಹೇಳಲು ನಾಲಗೆ ತುದಿಗೆ ಬಂದಿತ್ತು. ಭಾಷೆ ಕೊಟ್ಟವಳು ನಾನೂ ಹೌದು. ನುಂಗಿಕೊಂಡೆ. ಅವಳು ಹೋದ ಮರುದಿನ ಇವರು ತಮ್ಮ ಮಾತಿಗೆ ಸಾಕ್ಷಿ ಇರಲಿ ಎಂದು ಜನ ಕರೆಸಿ ಬಾತ್‌ರೂಮಿನ ಟೈಲ್ಸನ್ನೇ ಬದಲಾಯಿಸಿದರು. ಒಂದು ಸುಳ್ಳಿಗಾಗಿ ಗೋಡೆಯವರೆಗೆ ಅಗೆಸಿದ ಮನುಷ್ಯನನ್ನು ನಾನು ಇವರೊಬ್ಬರನ್ನೇ ಕಂಡದ್ದು.

ಕಾಲು ವಾಪಸು ಬರುವುದು ಸುಲಭದ ಕೆಲಸವಲ್ಲ. ಮೊದಮೊದಲು ಹಿಮ್ಮಡಿಯಡಿ ಟವೆಲ್ ಸುತ್ತಿಟ್ಟು ಮೊಣಕಾಲನ್ನು ಹಾಸಿಗೆಗೆ ಒತ್ತಬೇಕಿತ್ತು. ತೊಡೆಗೆ ಹೇಳಿದರೆ ತೊಡೆ ಕೇಳುತ್ತಿರಲಿಲ್ಲ, ಬೇರೆ ಯಾರದೋ ಕಾಲನ್ನು ತಂದು ಜೋಡಿಸಿದಂತೆ ಸುಮ್ಮನೆ ಬಿದ್ದಿರುತ್ತಿತ್ತು. ಅತ್ತಿದ್ದೇನೆ. ಅಳುವುದನ್ನು ಶಿವಕುಮಾರಿ ತಡೆಯುತ್ತಿರಲಿಲ್ಲ. "ಅಳ್ರಿ ಆಂಟಿ, ಅಳಕೋತ ಒತ್ರಿ. ಒತ್ತೂದು ಮಾತ್ರ ಬಿಡಬ್ಯಾಡ್ರಿ," ಎನ್ನುತ್ತಿದ್ದಳು. ವಾಕರ್ ಹೋಗಿ ಕೋಲು ಬಂತು, ಕೋಲೂ ಹೋಯಿತು. ಮಳೆಗಾಲದಲ್ಲಿ ಬಿಲ್ಡಿಂಗಿನ ಮೆಟ್ಟಿಲನ್ನು ಒಂದೊಂದೇ ಕಾಲಿಟ್ಟು ಇಳಿಯಲು ಕಲಿತೆ. ಗಣಪತಿ ಹಬ್ಬದ ಹೊತ್ತಿಗೆ ಕಿಟಕಿಯ ಸರಳಿಗೆ ದಪ್ಪ ರಬ್ಬರ್ ಪಟ್ಟಿ ಕಟ್ಟಿ ಎಳೆಯುತ್ತಿದ್ದೆ. ಕೆಳಗಿನ ಮನೆಯವರು ಮೇಲೆ ಬಂದು ಕಿಟಕಿ ಕಿತ್ತು ಬರುತ್ತದೆಯೇ ಎಂದು ವಿಚಾರಿಸಿಕೊಂಡು ಹೋದರು.

ಇವರು ಕೌಂಟರಿನಿಂದ ಬಂದು ಬಾಗಿಲಲ್ಲಿ ನಿಂತು ನೋಡುತ್ತಿದ್ದರು. "ಸಾಕಲ್ಲ ರಾಜೀವಿ, ನಡೆಯಲಿಕ್ಕೆ ಆಗ್ತದಲ್ಲ. ಇನ್ನು ಎಂತಕ್ಕೆ ಇದೆಲ್ಲ?" ಎಂದು ಒಂದು ದಿನ ಕೇಳಿದರು. ಧ್ವನಿಯಲ್ಲಿ ಹೆದರಿಕೆ ಇತ್ತು. ನನ್ನ ಕಾಲಿನ ಬಗ್ಗೆಯೋ ಕೊಟ್ಟ ಭಾಷೆಯ ಬಗ್ಗೆಯೋ ನಾನು ಕೇಳಲಿಲ್ಲ.

ಡಿಸೆಂಬರಿನಲ್ಲಿ ಶಿವಕುಮಾರಿ ನನ್ನನ್ನು ಒಂಟಿಕಾಲಲ್ಲಿ ಕುಪ್ಪಳಿಸುವಂತೆ ಮಾಡಿದಳು, ಕೂರಿಸಿದಳು, ಎಬ್ಬಿಸಿದಳು, ಎಡಗಾಲು ಮಾಡಿದ್ದನ್ನೆಲ್ಲ ಬಲಗಾಲಿನಿಂದಲೂ ಮಾಡಿಸಿದಳು. ಕೊನೆಗೆ ಎಲ್ಲಿಂದಲೋ ಒಂದು ಹಗ್ಗ ತಂದು ಒಂದು ತುದಿಯನ್ನು ತನ್ನ ಸೊಂಟಕ್ಕೆ ಸುತ್ತಿಕೊಂಡಳು. "ಎಳೀರಿ ನೋಡೂಣು."

ನಾನು ಹಿಮ್ಮಡಿ ಊರಿದೆ. ಬಲಗಾಲಿನ ಒಳಗಿನ ಹಗ್ಗ ಬಿಗಿಯಿತು, ನಿಂತಿತು. ವಾಲಿದೆ. ಶಿವಕುಮಾರಿಯ ಬೂಟು ಆ ನುಣುಪು ನೆಲದ ಮೇಲೆ ಕಿರ್ರ್ ಎಂದು ಜಾರುತ್ತ ಬಂತು, ಅವಳೂ ಬಂದಳು, ಬಂದು ನನ್ನ ಹೊಟ್ಟೆಗೆ ಬಡಿದಳು. "ಬಸ್ ರೀ ಬಸ್! ಸಾಕ್ರಿ ಆಂಟಿ!" ಎಂದು ಕಿರುಚಿ ನಕ್ಕಳು. ಅಕ್ಕಪಕ್ಕದ ಮಂಚದಲ್ಲಿ ಕಾಲು ಮಡಚುತ್ತಿದ್ದವರು ಚಪ್ಪಾಳೆ ತಟ್ಟಿದರು. ಆಪರೇಷನ್ ಮಾಡಿದ ಡಾಕ್ಟರೂ ಮೊಣಕಾಲನ್ನು ಅಲುಗಾಡಿಸಿ ನೋಡಿ, ಹೋಗಿ ಎಳೆಯಿರಿ ಎಂದರು. ಆವತ್ತು ಪರೇಲ್ ಸ್ಟೇಷನ್ನಿನ ಮೆಟ್ಟಿಲು ಹತ್ತುವಾಗ ನಾನು ಕಂಬಿ ಹಿಡಿಯಲಿಲ್ಲ. ಯಾರಾದರೂ ನೋಡಲಿ ಎಂದು ಬೇಕೆಂದೇ ನಡುವಿನಲ್ಲಿ ಹತ್ತಿದೆ. ಮುಂಬಯಿಯಲ್ಲಿ ಯಾರು ಯಾರನ್ನು ನೋಡುತ್ತಾರೆ, ಆದರೂ ಹತ್ತಿದೆ.

ಕ್ರೀಡಾಕೂಟದ ದಿನ ವಡಾಲದ ಟೀಶರ್ಟು ಹಾಕಿಕೊಂಡು ಮೈದಾನಕ್ಕಿಳಿದೆ. ಶಿವಕುಮಾರಿಯೂ ನೋಡಲು ಬಂದಿದ್ದಳು, ಶ್ರಾವ್ಯಾಳ ಪಕ್ಕ ಕುಳಿತಿದ್ದಳು. ಈ ಸಲ ಬಂದದ್ದು ಎರಡೇ ತಂಡ, ನೇರ ಫೈನಲ್. ಎದುರಿಗೆ ಪುನಃ ವಿಕ್ರೋಳಿ, ಕೊನೆಯಲ್ಲಿ ಪುನಃ ಸೇವಂತಿ. ನಾನು ಹಗ್ಗದ ಕೊನೆಯನ್ನು ಬೆನ್ನ ಮೇಲೆ ಹಾಯಿಸಿ ಮೈಕಿನ ಕಡೆ ನೋಡಿದೆ. ಇವರು, "ವಡಾಲ ತಂಡ, ಸಿದ್ಧರಾಗಬೇಕು," ಎಂದರು. "ವಿಕ್ರೋಳಿ ತಂಡ, ಸಿದ್ಧರಾಗಬೇಕು," ಎಂದರು. ಆಮೇಲೆ ಶಾಮಿಯಾನದ ಕಡೆ ತಿರುಗಿ ಮಧ್ಯಾಹ್ನದ ಊಟದ ವಿಷಯ ಮಾತಾಡಿದರು. ಭಾಷೆಯ ಸುದ್ದಿ ಇಲ್ಲ.

ಸೀಟಿ ಊದಿದರು. "ಐಸಾ!" ಎಂದು ಒಟ್ಟಿಗೆ ಕೂಗಿ ಎಳೆದೆವು. ಹಗ್ಗ ಬಂತು. ಬರುತ್ತಲೇ ಇತ್ತು. ಒಂದು ಉಸಿರು ತೆಗೆಯುವುದರೊಳಗೆ ಕೆಂಪು ಬಟ್ಟೆ ನಮ್ಮ ಗೆರೆ ದಾಟಿತು. ನಮ್ಮ ಹುಡುಗಿಯರು ಕುಣಿದರು. ನಾನು ಕುಣಿಯಲಿಲ್ಲ. ಇಷ್ಟು ವರ್ಷ ಹಗ್ಗ ಹಿಡಿದವಳಿಗೆ ಅದರ ಆ ತುದಿಯಲ್ಲಿರುವ ಕೈ ಎಳೆಯುತ್ತಿದೆಯೋ ಸುಮ್ಮನೆ ಹಿಡಿದಿದೆಯೋ ಗೊತ್ತಾಗುವುದಿಲ್ಲವೇ? ನೋಡಿದರೆ ಸೇವಂತಿಯ ಹಿಮ್ಮಡಿ ಮಣ್ಣಲ್ಲಿ ಊರಿದ ಗುರುತೇ ಇಲ್ಲ. ಅವಳು ನನ್ನ ಕಡೆ ನೋಡಿ ಮೆಲ್ಲಗೆ ನಕ್ಕಳು, ಆಸ್ಪತ್ರೆಯಲ್ಲಿ ಮಲಗಿದವರನ್ನು ನೋಡಿ ನಗುವ ಹಾಗೆ. ಅವಳ ಮುಂದಿದ್ದವಳು ತನ್ನ ತಂಡದವರಿಗೆ ಹೇಳುತ್ತಿದ್ದದ್ದು ನನ್ನ ಕಿವಿಗೂ ಬಿತ್ತು. "ಜೋರು ಎಳೀಬೇಡಿ ಆಯ್ತಾ, ಪಾಪ, ಅವರ ಬಾತ್‌ರೂಮಿನ ಕಾಲು."

ಬಾತ್‌ರೂಮಿನ ಕಾಲು! ನನ್ನ ರಕ್ತ ನೆತ್ತಿಗೇರಿತು. ಹನ್ನೊಂದು ತಿಂಗಳು ಅತ್ತು, ಒತ್ತಿ, ಎಳೆದು ಕಟ್ಟಿದ ಕಾಲಿಗೆ ಪಾಪ ಎನ್ನುತ್ತಾರೆ. ಹಗ್ಗ ಕೆಳಗಿಟ್ಟು ನೇರ ಮೈಕಿನ ಬಳಿಗೆ ನಡೆದೆ.

"ಹೇಳ್ತೀರಾ, ನಾನು ಹೇಳ್ಬೇಕಾ?" ಎಂದೆ.

ಇವರು ಮೈಕನ್ನು ಎದೆಗೆ ಅವುಚಿಕೊಂಡರು. "ರಾಜೀವಿ, ಕಮಿಟಿಯವರು ಇಲ್ಲೇ ಕೂತಿದ್ದಾರೆ... ಅಕ್ಕನೂ ವೀಡಿಯೋ ಕಾಲಿನಲ್ಲಿ ಇದ್ದಾಳೆ..."

"ಇರಲಿ. ಅವರು ಸುಳ್ಳು ಸುಳ್ಳೇ ಸೋತದ್ದು ಗೊತ್ತುಂಟಾ ನಿಮಗೆ? ನಿಮ್ಮ ಹೆಂಡತಿಗೆ ಭಿಕ್ಷೆ ಹಾಕಿದ್ದು."

ಆ ಮಾತು ನಾಟಿತು. ಇವರ ಮುಖ ಕೆಂಪಾಯಿತು. ಸುಳ್ಳು ಹೇಳುವಾಗ ಆಗದ ನಾಚಿಕೆ ಈಗ ಆಯಿತೆಂದು ಕಾಣುತ್ತದೆ. ಎದ್ದು ನಿಂತರು, ಕೆಮ್ಮಿದರು, ಮೈಕನ್ನು ಬಾಯಿಗೆ ತಂದರು.

"ಬಂಧುಗಳೇ, ಒಂದು ಪ್ರಕಟಣೆ," ಎಂದರು. ಧ್ವನಿ ನಡುಗುತ್ತಿತ್ತು. "ನನ್ನ ಹೆಂಡತಿ ರಾಜೀವಿ ಬಾತ್‌ರೂಮಿನಲ್ಲಿ ಬಿದ್ದದ್ದಲ್ಲ. ನಾನು ಸುಳ್ಳು ಹೇಳಿದ್ದು. ಹೋದ ವರ್ಷ ಇದೇ ಮೈದಾನದಲ್ಲಿ, ಇದೇ ಹಗ್ಗ ಎಳೆಯುವಾಗ ಅವಳ ಎಡಗಾಲಿನ ಲಿಗಮೆಂಟ್..."

"ಬಲಗಾಲು!" ಎಂದು ನಾನು ಪಕ್ಕದಿಂದಲೇ ಕೂಗಿದೆ. ಮೈದಾನ ನಕ್ಕಿತು.

"ಬಲಗಾಲಿನ ಲಿಗಮೆಂಟ್ ಹರಿದದ್ದು," ಎಂದು ಇವರು ತಿದ್ದಿಕೊಂಡರು. ಈಗ ಧ್ವನಿ ನಡುಗುತ್ತಿರಲಿಲ್ಲ. "ಹರಿದ ಮೇಲೂ ಅವಳು ಹಗ್ಗ ಬಿಡಲಿಲ್ಲ. ಹರಿದ ಕಾಲಲ್ಲಿ ನಿಂತು ವಡಾಲಕ್ಕೆ ಕಪ್ಪು ತಂದಳು. ಆಪರೇಷನ್ ಮಾಡಿಸಿ, ಆ ಕಾಲನ್ನು ಗಟ್ಟಿ ಮಾಡಿಕೊಂಡು ಇವತ್ತು ಪುನಃ ಬಂದಿದ್ದಾಳೆ. ವಿಕ್ರೋಳಿಯವರು ದಯಮಾಡಿ ಸರಿಯಾಗಿ ಎಳೆಯಬೇಕು. ನನ್ನ ಹೆಂಡತಿಗೆ ಯಾರ ದಯೆಯೂ ಬೇಡ."

ಸೇವಂತಿ ಹಗ್ಗ ಹಿಡಿದು ಬಾಯಿ ತೆರೆದು ನನ್ನನ್ನೇ ನೋಡುತ್ತಿದ್ದಳು. ಆಮೇಲೆ ಬಗ್ಗಿ ಎರಡೂ ಅಂಗೈಗೆ ಮಣ್ಣು ಹಚ್ಚಿಕೊಂಡಳು, ಹಿಮ್ಮಡಿಯಿಂದ ನೆಲವನ್ನು ಕುಕ್ಕಿ ಕುಕ್ಕಿ ಕುಳಿ ಮಾಡಿದಳು. ಅದನ್ನು ನೋಡಿ ನನಗೆ ಆದ ಸಂತೋಷ ಹೇಳಲಾರೆ. ನನಗೆ ಮರ್ಯಾದೆ ಕೊಡುವುದೆಂದರೆ ಅದು.

ಮೊದಲಿನ ಎಳೆತವನ್ನು ಲೆಕ್ಕಕ್ಕೆ ಹಿಡಿಯಬೇಡಿ ಎಂದು ನಾನೇ ಸೀಟಿಯವರಿಗೆ ಹೇಳಿದೆ. ಆಮೇಲೆ ನಡೆದದ್ದು ಆಟ. ಒಂದು ಎಳೆತ ನಮಗೆ ಬಂತು, ಇನ್ನೊಂದು ಅವರಿಗೆ. ಕೊನೆಯದರಲ್ಲಿ ಬಟ್ಟೆ ಹೋದ ವರ್ಷದ ಹಾಗೆಯೇ ಗೆರೆಯ ಮೇಲೆ ನಿಂತು ನಡುಗಿತು. ಅದೇ ಜಾಗದಲ್ಲಿ, ಅದೇ ಬಲಗಾಲು ಊರಿ, ನಾನು ಸೊಂಟ ತಿರುಗಿಸಿದೆ. ಒಳಗೆ ಯಾವ ಶಬ್ದವೂ ಬರಲಿಲ್ಲ. ನನ್ನ ಕಾಲು ನನ್ನದಾಗಿ ನಿಂತಿತ್ತು. ಜಾರಿದವಳು ನಮ್ಮ ತಂಡದ ಮುಂದಿನ ಹುಡುಗಿ. ಒಬ್ಬಳ ಹಿಂದೆ ಒಬ್ಬಳು ಬಿದ್ದರು. ಕೊನೆಗೆ ನಾನೊಬ್ಬಳೇ ನಿಂತ ಕಾಲಲ್ಲೇ ಹಿಮ್ಮಡಿಯಿಂದ ಮಣ್ಣಲ್ಲಿ ಎರಡು ಗೀರು ಎಳೆಯುತ್ತ ಮುಂದೆ ಹೋದೆ, ಬೀಳಲಿಲ್ಲ. ಸೀಟಿ ಊದಿದರು. ವಿಕ್ರೋಳಿ ಗೆದ್ದಿತು.

ಸೋತು ಇಷ್ಟು ಹೆಮ್ಮೆಪಟ್ಟವಳು ಆ ಮೈದಾನದಲ್ಲಿ ಇನ್ನೊಬ್ಬಳಿರಲಾರಳು. ಬಳಗದ ಅಧ್ಯಕ್ಷರೇ ಎದ್ದು ನಿಂತು ಚಪ್ಪಾಳೆ ತಟ್ಟುತ್ತಿದ್ದರು. ಆ ಕೈಗಳು ಇನ್ನು ನಿಂಬೆಹುಳಿ ಚಮಚ ಇಡಲಾರವು ಎಂದು ನನಗೆ ಗೊತ್ತಾಯಿತು. ಸೇವಂತಿ ಏದುಸಿರು ಬಿಡುತ್ತ ಓಡಿ ಬಂದು ನನ್ನನ್ನು ತಬ್ಬಿಕೊಂಡಳು. "ಎಂಥಾ ಕಾಲು ರಾಜೀವಕ್ಕ! ನಿಮ್ಮನ್ನು ಎಳೆದು ನನ್ನ ಸೊಂಟ ಹೋಯ್ತು." ಆಮೇಲೆ ಸ್ವಲ್ಪ ಸಿಟ್ಟಿನಿಂದಲೇ ಹೇಳಿದಳು, "ಇನ್ನು ನನ್ನ ಮ್ಯಾಟ್ ವಾಪಸ್ ಕೊಡಿ. ನಾನು ಎಷ್ಟು ಅಂಗಡಿ ಸುತ್ತಿ ತಂದದ್ದು ಗೊತ್ತುಂಟಾ?"

ಶ್ರಾವ್ಯಾ ಓಡಿ ಬಂದಳು, ಹಿಂದೆ ಶಿವಕುಮಾರಿ. ಮೈಕಿನ ವಯರು ಎಳೆದುಕೊಂಡು ಇವರೂ ಬಂದರು. ಶಿವಕುಮಾರಿ ಬಗ್ಗಿ ಮೊಣಕಾಲನ್ನು ಒತ್ತಿ ನೋಡಿದಳು, ಮಡಚಿ ನೋಡಿದಳು. ಆಮೇಲೆ ನನ್ನ ಕೈ ಹಿಡಿದು ಅಂಗೈ ತಿರುಗಿಸಿದಳು. ಹಗ್ಗ ಉಜ್ಜಿದಲ್ಲೆಲ್ಲ ಚರ್ಮ ಕೆಂಪಗೆ ಎದ್ದಿತ್ತು.

"ಇದೇನಾತ್ರಿ ಆಂಟಿ?" ಎಂದು ಏನೂ ಗೊತ್ತಿಲ್ಲದವಳ ಹಾಗೆ ಕೇಳಿದಳು. "ಬಾತ್ರೂಮಿನ್ಯಾಗ ಬಿದ್ರೇನ್ರಿ?"

ನಾನು ಬಾಯಿ ತೆರೆಯುವ ಮೊದಲೇ ಇವರು ಹೇಳಿದರು. "ಹಗ್ಗ," ಎಂದರು. "ನನ್ನ ಹೆಂಡತಿ ಹಗ್ಗ ಎಳೆದದ್ದು."

ಮೈಕು ಇನ್ನೂ ಆಫ್ ಮಾಡಿರಲಿಲ್ಲ. ಇಡೀ ಮೈದಾನಕ್ಕೆ ಕೇಳಿಸಿತು.